ಮಂಡಕ್ಕಿ ಭಟ್ಟಿಯ ಇಂಗ್ಲಿಷು

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಸೈನ್ಸಿಗೆ ಬಂದವರನ್ನು ‘ಫೋಟೋಸಿಂಥೆಸಿಸ್’, ‘ಎಲೆಕ್ಟ್ರೋಲಿಸಿಸ್’ ತರದ ಉದ್ದುದ್ದ ಪದಗಳು ಕಾಡುತ್ತವೆ ಅಂತ ಎಲ್ಲರೂ ತಿಳಿದಿದ್ದಾರೆ. ಅವು ಅಷ್ಟೇನೂ ಕಾಡುವುದಿಲ್ಲ. ಅಂಥ ಪದಕ್ಕೆ ಇರುವುದು ಒಂದೇ ಅರ್ಥ, ವಿಷಯವನ್ನು ಹೈಸ್ಕೂಲಿನಲ್ಲೇ ಕನ್ನಡದಲ್ಲಿ ಓದಿಯಾಗಿರುತ್ತದೆ. ಹುಡುಗರು ಎಡವುವುದು ‘ಅನ್‌ಲೆಸ್’, ‘ಹೆನ್ಸ್’, ‘ರೆಸ್ಪೆಕ್ಟಿವ್ಲಿ’, ‘ನೆಗ್ಲಿಜಿಬಲ್’ ಇಂಥವುಗಳಲ್ಲಿ. ಇವನ್ನು ಬೋರ್ಡಿನ ಮೇಲೆ ಬರೆದು ಹೇಳಿಕೊಡುವವರು ಕಡಿಮೆ. ಫಿಸಿಕ್ಸ್ ಮೇಷ್ಟ್ರು ‘ಇದು ಇಂಗ್ಲಿಷಿನವರ ಕೆಲಸ’ ಅಂದುಕೊಳ್ಳುತ್ತಾರೆ, ಇಂಗ್ಲಿಷ್ ಮೇಷ್ಟ್ರಿಗೆ ಪದ್ಯ ಮುಗಿಸುವ ಅವಸರ.

ದಾವಣಗೆರೆಯ ನಮ್ಮ ಕಾಲೇಜಿನಲ್ಲಿ ಶನಿವಾರದ ಕೊನೆಯ ಪೀರಿಯಡ್ಡು ಈ ಎರಡರ ನಡುವಿನ ಸಂದಿಯಲ್ಲಿ ನಡೆಯುತ್ತಿತ್ತು. ಸಂಚಿಕೆಗೆ ನೆನಪು ಬರೆಯಿರಿ ಎಂದು ಸಂಪಾದಕರು ಕೇಳಿದ್ದಾರೆ. ಅಲ್ಲಿ ಏನು ಓದಿದೆವು, ಹೇಗೆ ಓದಿದೆವು ಎಂಬುದನ್ನು ಈಗಿನವರಿಗೆ ಉಪಯೋಗವಾಗುವಷ್ಟು ವಿವರವಾಗಿ ಬರೆದಿಡುತ್ತೇನೆ.

ಓದಲಿಕ್ಕೆ ಕೊಡುತ್ತಿದ್ದದ್ದು ಒಂದೇ ಹಾಳೆ, ಒಂದೇ ಮಗ್ಗುಲು, 250ರಿಂದ 300 ಪದ. ಐದೈದು ಸಾಲಿಗೊಮ್ಮೆ ಅಂಚಿನಲ್ಲಿ ಸಾಲಿನ ಸಂಖ್ಯೆ. ವಿಷಯ ಮಾತ್ರ ಊರವರಿಗೆಲ್ಲ ಗೊತ್ತಿರುವಂಥದ್ದೇ: ಮಂಡಕ್ಕಿ, ಬೋರ್‌ವೆಲ್ ಪಂಪು, ಭದ್ರಾ ನೀರು, ಗೊಬ್ಬರದ ಚೀಲ, ಕುಕ್ಕರ್. ವಿಷಯ ಗೊತ್ತಿದ್ದರೆ ಭಾಷೆಯನ್ನು ಊಹಿಸಬಹುದು, ಭಾಷೆ ಗೊತ್ತಿದ್ದರೆ ವಿಷಯವನ್ನು ಊಹಿಸಬಹುದು. ಎರಡೂ ಗೊತ್ತಿಲ್ಲದ ಹಾಳೆ ಕೈಗೆ ಬಂದರೆ ಊಹೆಗೆ ಜಾಗವೇ ಇಲ್ಲ, ಕಂಠಪಾಠ ಶುರುವಾಗುತ್ತದೆ.

ಹಾಳೆ ಕಷ್ಟವೋ ಸುಲಭವೋ ಎಂದು ತಿಳಿಯಲು ಮೊದಲ ನೂರು ಪದ ಎಣಿಸಿ, ಗೊತ್ತಿಲ್ಲದವಕ್ಕೆ ಚುಕ್ಕೆ ಇಡಬೇಕು. ಒಂದೆರಡು ಚುಕ್ಕೆಯಾದರೆ ಒಬ್ಬರೇ ಕೂತು ಓದಬಹುದು. ಐದರ ಸುಮಾರಿಗೆ ಬಂದರೆ ಜೊತೆಗೊಬ್ಬರು ಬೇಕು. ಹತ್ತು ದಾಟಿದರೆ ಆ ಹಾಳೆಯನ್ನು ಮುಂದಿನ ವರ್ಷಕ್ಕೆ ಇಡುವುದು ಒಳ್ಳೆಯದು. ಇದು ಬರೀ ಅಂದಾಜಲ್ಲ. ಯಾರ ನೆರವೂ ಇಲ್ಲದೆ ಓದಿ ತಿಳಿಯಬೇಕಾದರೆ ಸುಮಾರು ಶೇ 98ರಷ್ಟು ಪದಗಳು ಗೊತ್ತಿರಬೇಕು, ಅಂದರೆ ಐವತ್ತಕ್ಕೆ ಒಂದು ಹೊಸದು, ಎಂದು ನ್ಯೂಜಿಲೆಂಡಿನ ಭಾಷಾವಿಜ್ಞಾನಿ ಪಾಲ್ ನೇಷನ್ ಮತ್ತು ಅವರ ಸಹಸಂಶೋಧಕರು 2000ರಲ್ಲಿ ತೋರಿಸಿದರು. ಅದಕ್ಕೂ ಬಹಳ ಹಿಂದೆ, 1920ರ ದಶಕದಲ್ಲಿ, ಢಾಕಾದಲ್ಲಿ ಬಂಗಾಳಿ ಮಕ್ಕಳ ಇಂಗ್ಲಿಷ್ ಕಲಿಕೆಯನ್ನು ನೋಡುತ್ತಿದ್ದ ಮೈಕೆಲ್ ವೆಸ್ಟ್, ಈ ಮಕ್ಕಳಿಗೆ ಮೊದಲು ಬೇಕಾದದ್ದು ಓದು ಎಂದು ಕಂಡುಕೊಂಡರು. ಅಪರೂಪದ ಪದ ತೆಗೆದು ಬಳಕೆಯದನ್ನು ಹಾಕಬೇಕು, ಹೊಸ ಪದಗಳನ್ನು ಒಂದರ ಮೇಲೊಂದು ಸುರಿಯದೆ ಅಂತರ ಕೊಟ್ಟು ತರಬೇಕು ಎಂಬುದು ಅವರ ನಿಲುವು. 1953ರಲ್ಲಿ ಅವರು ಹೊರತಂದ ಬಳಕೆಪದಗಳ ಪಟ್ಟಿಯಲ್ಲಿದ್ದದ್ದು ಸುಮಾರು 2,000 ಪದ. ಅಷ್ಟು ಕೈವಶವಾದರೆ ದಿನಬಳಕೆಯ ಬರಹದ ಬಹುಪಾಲು ತೆರೆದುಕೊಳ್ಳುತ್ತದೆ.

ಮೊದಲ ಓದಿಗೆ ನಿಘಂಟು ಮುಟ್ಟುವ ಹಾಗಿಲ್ಲ. ತುಟಿ ಆಡಿಸದೆ ಓದಿ, ಹಾಳೆ ಮಗುಚಿಟ್ಟು, ಇದು ಯಾವುದರ ಬಗ್ಗೆ ಎಂದು ಕನ್ನಡದಲ್ಲಿ ಎರಡು ವಾಕ್ಯ ಹೇಳಬೇಕು. ಕನ್ನಡದಲ್ಲಿ ಹೇಳಿದರೆ ಇಂಗ್ಲಿಷ್ ಕೆಡುತ್ತದೆ ಎನ್ನುವವರ ಮಾತು ನಾನು ನಂಬುವುದಿಲ್ಲ. ತಿಳಿದಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಅದಕ್ಕಿಂತ ಅಗ್ಗದ ದಾರಿ ಇಲ್ಲ.

ನಿಜವಾದ ಕೆಲಸ ಇರುವುದು ಎರಡನೇ ಓದಿನಲ್ಲಿ. ಪ್ರತಿ ವಾಕ್ಯದ ಮುಖ್ಯ ಕ್ರಿಯಾಪದ ಹುಡುಕಿ ಕೆಳಗೆ ಎರಡು ಗೆರೆ ಎಳೆಯಬೇಕು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಕಾದು ಕೂತಿರುತ್ತದೆ, ಹುಡುಕುವ ಪ್ರಶ್ನೆಯೇ ಇಲ್ಲ. ಇಂಗ್ಲಿಷಿನಲ್ಲಿ ಅದು ನಡುವೆ ಎಲ್ಲೋ ಅಡಗಿರುತ್ತದೆ, ಸಾಲದ್ದಕ್ಕೆ ಅದರ ಹಾಗೇ ಕಾಣುವ ಇನ್ನೊಂದು ಪದವೂ ಪಕ್ಕದಲ್ಲಿರುತ್ತದೆ. ‘ದ ವಾಟರ್ ಪಂಪ್ಡ್ ಫ್ರಮ್ ದ ಬೋರ್‌ವೆಲ್ ಈಸ್ ಸ್ಟೋರ್ಡ್ ಇನ್ ಎ ಟ್ಯಾಂಕ್’ ಎಂಬ ವಾಕ್ಯದಲ್ಲಿ ಅರ್ಧ ತರಗತಿ ‘ಪಂಪ್ಡ್’ ಕೆಳಗೆ ಗೆರೆ ಎಳೆಯುತ್ತದೆ. ಆಗ ನೀರೇ ಏನನ್ನೋ ಪಂಪು ಮಾಡಿದಂತಾಗಿ, ‘ಈಸ್ ಸ್ಟೋರ್ಡ್’ ಬಂದಾಗ ವಾಕ್ಯ ಮುರಿದು ಬೀಳುತ್ತದೆ. ಬೋರ್‌ವೆಲ್‌ನಿಂದ ಎತ್ತಿದ ನೀರು ಎನ್ನುವಾಗ ನಾವು ವಿಶೇಷಣವನ್ನು ‘ನೀರು’ ಪದಕ್ಕಿಂತ ಮೊದಲು ಇಡುತ್ತೇವೆ, ಇಂಗ್ಲಿಷಿನವರು ಆಮೇಲೆ ಇಡುತ್ತಾರೆ. ಆದ್ದರಿಂದ ಇಂಥ ತುಂಡು ಕಂಡ ಕೂಡಲೇ ಪೆನ್ಸಿಲಿನಲ್ಲಿ ಸುತ್ತು ಹಾಕಿ ಪಕ್ಕಕ್ಕಿಡಬೇಕು. ‘ವಿಚ್’, ‘ದಟ್’ ಇಂದ ಶುರುವಾಗುವ ತುಂಡುಗಳಿಗೂ ಅದೇ ಸುತ್ತು. ಉಳಿದದ್ದನ್ನು ಓದಿದರೆ ನೀರು ಟ್ಯಾಂಕಿನಲ್ಲಿದೆ, ಅಷ್ಟೇ. ಆಮೇಲೆ ಸುತ್ತಿನೊಳಗಿನದನ್ನು ಅದರ ಜಾಗಕ್ಕೆ ಸೇರಿಸಿಕೊಳ್ಳಬಹುದು.

‘ಆಫ್’ ಸರಪಳಿಯದು ಇನ್ನೊಂದು ತರದ ತೊಡಕು. ‘ದ ರೇಟ್ ಆಫ್ ಲಾಸ್ ಆಫ್ ವಾಟರ್ ಫ್ರಮ್ ದ ಸರ್ಫೇಸ್ ಆಫ್ ಎ ಲೀಫ್’ ಎಂಬುದನ್ನು ಮುಂದಿನಿಂದ ಕನ್ನಡಕ್ಕೆ ತರಲು ಹೋದವರು ಎರಡನೇ ‘ಆಫ್’ಗೇ ಉಸಿರು ಬಿಡುತ್ತಾರೆ. ಹಿಂದಿನಿಂದ ಬಂದರೆ ಎಲೆಯ ಮೇಲ್ಮೈಯಿಂದ ನೀರು ಹೋಗುವ ವೇಗ ಎಂದು ಸಲೀಸಾಗಿ ಇಳಿಯುತ್ತದೆ. ‘ಪಂಪ್ ಸ್ಟಾರ್ಟರ್ ಕಾಯಿಲ್’ ತರ ‘ಆಫ್’ ಇಲ್ಲದೆ ಸಾಲಾಗಿ ನಿಂತ ನಾಮಪದಗಳಲ್ಲಿ ಮಾತ್ರ ಹಿಂದೆಮುಂದೆ ಮಾಡಬೇಕಿಲ್ಲ. ಕೊನೆಯದೇ ಯಜಮಾನ, ನಮ್ಮ ಸಮಾಸದ ಹಾಗೆಯೇ.

ನಿಘಂಟಿಗೆ ಒಂದು ಹಾಳೆಗೆ ಆರು ಪದದ ಮಿತಿ ಇತ್ತು. ತಲೆಬರಹದಲ್ಲಿರುವ ಪದ, ಮೂರು ಸಲ ಬಂದ ಪದ, ಗೊತ್ತಾಗದೆ ವಾಕ್ಯ ಮುಂದೆ ಹೋಗದ ಪದ, ಇವಕ್ಕೇ ಮೊದಲ ಹಕ್ಕು. ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ಮೊದಲು ಕಂಡ ಅರ್ಥ ಬರೆದುಕೊಂಡರೆ ವಿಜ್ಞಾನದಲ್ಲಿ ಕೆಡುತ್ತದೆ. ‘ನಾರ್ಮಲ್’ ಎಂದರೆ ಸಾಮಾನ್ಯ ಎಂದು ಬರೆದವರು ಬೆಳಕಿನ ಪ್ರತಿಫಲನದ ಪಾಠದಲ್ಲಿ ಕನ್ನಡಿಗೆ ಲಂಬವಾಗಿ ಎಳೆದ ಗೆರೆಯನ್ನು ಸಾಮಾನ್ಯ ಗೆರೆ ಎನ್ನುತ್ತಾರೆ. ‘ಬೇಸ್’, ‘ವರ್ಕ್’, ‘ಸೊಲ್ಯೂಷನ್’ ಎಲ್ಲವೂ ಇದೇ ಜಾತಿ. ಯಾವ ವಾಕ್ಯದಲ್ಲಿ ಪದ ಸಿಕ್ಕಿತೋ ಆ ವಾಕ್ಯವನ್ನೇ ನೋಟ್‌ಬುಕ್ಕಿಗೆ ಇಳಿಸಬೇಕು, ಪದವನ್ನು ಒಂಟಿಯಾಗಿ ಬರೆದರೆ ಪ್ರಯೋಜನವಿಲ್ಲ. ಯಾವ ವಿಷಯದ ಪುಸ್ತಕದಲ್ಲೂ ಬರುವ, ಆದರೆ ಯಾವ ವಿಷಯಕ್ಕೂ ಸೇರದ ಪದಗಳನ್ನು ಭಾಷಾಸಂಶೋಧಕಿ ಅವೆರಿಲ್ ಕಾಕ್ಸ್‌ಹೆಡ್ 2000ರಲ್ಲಿ ಪಟ್ಟಿ ಮಾಡಿದ್ದಾರೆ, 570 ಪದಕುಟುಂಬಗಳು (ಒಂದೇ ಮೂಲಪದದ ಬೇರೆ ಬೇರೆ ರೂಪಗಳ ಗುಂಪು). ಕಾಲೇಜು ಪಠ್ಯದ ಹತ್ತರಲ್ಲಿ ಒಂದು ಪದ ಅದರಿಂದಲೇ ಬರುತ್ತದೆ. ಈಗಿನವರು ಅದನ್ನು ಒಮ್ಮೆ ನೋಡಲಿ, ಉರು ಹೊಡೆಯುವುದು ಬೇಡ.

ಸಾಲುಗಳ ನಡುವೆ ಕನ್ನಡ ಅರ್ಥ ಅಚ್ಚು ಹಾಕಿದ ಗೈಡುಗಳಂತೂ ಶುದ್ಧ ನಷ್ಟ. ಕಣ್ಣು ಕನ್ನಡದ ಸಾಲಿಗೇ ಹೋಗುತ್ತದೆ, ಇಂಗ್ಲಿಷ್ ಸಾಲು ಅಲಂಕಾರಕ್ಕೆ. ಮೊಬೈಲಿನ ಅನುವಾದವೂ ಹಾಗೆಯೇ, ಆದರೆ ಸ್ವಂತ ಪ್ರಯತ್ನ ಮುಗಿದ ಮೇಲೆ ತಾಳೆ ನೋಡಲು ಅದು ಅಡ್ಡಿಯಿಲ್ಲ.

ಕರ್ಮಣಿ ಪ್ರಯೋಗ ಕಲಿತದ್ದು ಮಂಡಕ್ಕಿಯ ಹಾಳೆಯಲ್ಲಿ. ಭಟ್ಟಿಯ ಕೆಲಸ ಇಲ್ಲಿ ಯಾರಿಗೆ ಗೊತ್ತಿಲ್ಲ? ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಗಿರಣಿಗೆ ಹಾಕುತ್ತಾರೆ. ಆ ಅಕ್ಕಿಗೆ ಉಪ್ಪುನೀರು ಬೆರೆಸಿ ಸಣ್ಣ ಉರಿಯಲ್ಲಿ ತೇವ ಇಳಿಸಿ, ಕೊನೆಗೆ 250 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದ ಮರಳಿನಲ್ಲಿ ಕೆಲವೇ ಸೆಕೆಂಡು ಹುರಿದು ಜರಡಿ ಹಿಡಿಯುತ್ತಾರೆ. ಕಾಳಿನೊಳಗಿನ ನೀರು ಥಟ್ಟನೆ ಆವಿಯಾಗಿ, ಬೇಯಿಸಿದಾಗಲೇ ಅಂಟಾಗಿದ್ದ ಪಿಷ್ಟವನ್ನು ಹಿಗ್ಗಿಸುತ್ತದೆ. ತೇವ ತೀರಾ ಇಳಿದಿದ್ದರೆ ಆವಿ ಸಾಲದು, ಕಾಳು ಅರಳುವುದಿಲ್ಲ. ಹೆಚ್ಚಿದ್ದರೂ ಸರಿಯಾಗಿ ಅರಳದೆ ಗಟ್ಟಿ ಉಳಿಯುತ್ತದೆ. ಇಷ್ಟನ್ನು ಹಾಳೆ ‘ದ ಪ್ಯಾಡಿ ಈಸ್ ಸೋಕ್ಡ್’, ‘ದ ರೈಸ್ ಈಸ್ ರೋಸ್ಟೆಡ್’, ‘ದ ಸ್ಯಾಂಡ್ ಈಸ್ ಸೀವ್ಡ್ ಔಟ್’ ಎಂದು ಹೇಳುತ್ತದೆ. ಹುರಿದವರು ಯಾರು ಎಂಬುದು ಇಲ್ಲಿ ಬೇಡ, ಅಕ್ಕಿಗೆ ಏನಾಯಿತು ಎಂಬುದಷ್ಟೇ ಬೇಕು. ವಿಜ್ಞಾನದ ಇಂಗ್ಲಿಷ್ ಈ ಪ್ರಯೋಗವನ್ನು ಬಿಡದೆ ಹಿಡಿದಿರುವುದು ಅದಕ್ಕೇ. ಆಮೇಲೆ ಅದೇ ಹಾಳೆಯನ್ನು ಎರಡು ತರ ಬದಲಿಸಿ ಬರೆಯಬೇಕಿತ್ತು. ಹೊಸ ಆಳಿಗೆ ಕೆಲಸ ಹೇಳುವಂತೆ ‘ಸೋಕ್ ದ ಪ್ಯಾಡಿ’ ಎಂದು ಒಮ್ಮೆ, ಭಟ್ಟಿಯವರನ್ನು ನೋಡಿ ವರದಿ ಮಾಡುವಂತೆ ‘ದೇ ಸೋಕ್ ದ ಪ್ಯಾಡಿ’ ಎಂದು ಇನ್ನೊಮ್ಮೆ. ಲ್ಯಾಬ್ ರೆಕಾರ್ಡಿಗೆ ಬೇಕಾದದ್ದು ಮೂಲ ಹಾಳೆಯ ಕರ್ಮಣಿ ರೂಪ, ಭೂತಕಾಲದಲ್ಲಿ: ‘ದ ರೀಡಿಂಗ್ಸ್ ವರ್ ಟೇಕನ್’. ಇಷ್ಟು ಸಿಕ್ಕವರು ರೆಕಾರ್ಡನ್ನು ಸೀನಿಯರ್‌ಗಳಿಂದ ನಕಲು ಹೊಡೆಯುವುದನ್ನು ಬಿಟ್ಟರು.

ಪಂಪಿನ ಕೈಪಿಡಿಯಿಂದ ಒಂದೇ ವಾಕ್ಯ ಸಾಕು. ‘ಡು ನಾಟ್ ಸ್ಟಾರ್ಟ್ ದ ಪಂಪ್ ಅನ್‌ಲೆಸ್ ದ ಕೇಸಿಂಗ್ ಈಸ್ ಫುಲ್ ಆಫ್ ವಾಟರ್’. ಕೇಸಿಂಗ್ ಅಂದರೆ ಇಲ್ಲಿ ಪಂಪಿನ ಹೊರಕವಚ. ‘ಅನ್‌ಲೆಸ್’ ಅನ್ನು ‘ಇಫ್’ ಎಂದು ಓದಿದರೆ, ನೀರು ತುಂಬಿದ್ದರೆ ಪಂಪು ಹಚ್ಚಬೇಡಿ ಎಂದು ಪೂರ್ತಿ ಉಲ್ಟಾ. ಸೆಂಟ್ರಿಫ್ಯೂಗಲ್ ಪಂಪು ಗಾಳಿಯನ್ನು ಎಳೆಯಲಾರದು. ಒಣಗಿ ತಿರುಗಿದರೆ ಸೀಲು ಬಿಸಿಯಾಗಿ ಹೋಗುತ್ತದೆ. ‘ಅನ್‌ಲೆಸ್’ ಇರುವ ವಾಕ್ಯವನ್ನು ಕನ್ನಡಕ್ಕೆ ತರುವಾಗ ‘ಇಲ್ಲದೆ’ ಅಥವಾ ‘ಹೊರತು’ ಹಚ್ಚಿ ನೋಡಬೇಕು: ಕೇಸಿಂಗ್ ತುಂಬ ನೀರಿಲ್ಲದೆ ಪಂಪು ಹಚ್ಚಬೇಡಿ.

ಓಆರ್‌ಎಸ್ ಪೊಟ್ಟಣವೂ ಹೀಗೆ ಒಳ್ಳೆಯ ಪಾಠ. ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದಂತೆ ಅದರಲ್ಲಿ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ ಇರುತ್ತವೆ. ಒಟ್ಟು 20.5 ಗ್ರಾಂ, ಒಂದು ಲೀಟರಿಗೆ. ಕೆಳಗೆ ‘ಎಂಟೈರ್ ಕಂಟೆಂಟ್ಸ್’ ಎಂದಿರುತ್ತದೆ, ಅಂದರೆ ಪೊಟ್ಟಣದಲ್ಲಿರುವುದೆಲ್ಲ ಒಟ್ಟಿಗೆ. ಇದನ್ನು ದಾಟಿಸಿ ಓದಿದವರು ಲೋಟಕ್ಕೆ ಅರ್ಧ ಪೊಟ್ಟಣ ಹಾಕಿಬಿಡುತ್ತಾರೆ. ದ್ರಾವಣ ಮಂದವಾಗಿ ಉಪ್ಪಿನಂಶ ಮೀರುತ್ತದೆ, ಭೇದಿಯಾದ ಮಗುವಿಗೆ ಅದು ಅಪಾಯ. 24 ಗಂಟೆಯೊಳಗೆ ಕುಡಿಯದಿದ್ದರೆ ಚೆಲ್ಲಬೇಕೆಂಬ ಸಾಲೂ ಅಲ್ಲೇ ಇರುತ್ತದೆ.

ಮುಂಗಾರಿನಲ್ಲಿ ಓದಲಿಕ್ಕೆ ಇಂಗ್ಲಿಷ್ ನ್ಯೂಸ್‌ಪೇಪರು ಬರುತ್ತಿತ್ತು. ಭದ್ರಾ ಅಚ್ಚುಕಟ್ಟಿನವರಿಗೆ ಡ್ಯಾಮಿನ ಮಟ್ಟ ಬಾಯಲ್ಲೇ ಇರುತ್ತದೆ: ಪೂರ್ಣ ಮಟ್ಟ 186 ಅಡಿ, ಸಾಮರ್ಥ್ಯ ಸುಮಾರು 71.5 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಇಂಗ್ಲಿಷ್ ಪೇಪರಿನಲ್ಲಿ ಅದೇ ಸುದ್ದಿ ‘ಸ್ಟುಡ್ ಎಟ್ 160 ಫೀಟ್ ಅಗೇನ್ಸ್ಟ್ ದ ಫುಲ್ ಲೆವೆಲ್ ಆಫ್ 186 ಫೀಟ್’ ಎಂದು ಬರುತ್ತದೆ. ಇಲ್ಲಿ ‘ಅಗೇನ್ಸ್ಟ್’ಗೆ ವಿರುದ್ಧ ಎಂಬ ಅರ್ಥ ಹಚ್ಚಿದರೆ ಆಗದು, ಹೋಲಿಕೆಯ ಅರ್ಥ ಬೇಕು. ತಲೆಬರಹಗಳಿಗೆ ಬೇರೆಯದೇ ವ್ಯಾಕರಣ. ನಿನ್ನೆ ಏರಿದ ನೀರು ತಲೆಬರಹದಲ್ಲಿ ‘ರೈಸಸ್’, ಒಳಗಿನ ಸುದ್ದಿಯಲ್ಲಿ ‘ರೋಸ್’. ನಾಳೆ ಬಿಡುವ ನೀರು ‘ಟು ಬಿ ರಿಲೀಸ್ಡ್’. ‘ಎ’, ‘ದ’, ‘ಈಸ್’ಗಳನ್ನು ನುಂಗಿಬಿಟ್ಟಿರುತ್ತಾರೆ, ಆದ್ದರಿಂದ ತಲೆಬರಹ ನೋಡಿ ವಾಕ್ಯರಚನೆ ಕಲಿಯಬಾರದು. ಜೊತೆಗೆ ಲೆಕ್ಕವೂ ನಡೆಯುತ್ತಿತ್ತು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್; 11,574 ಕ್ಯೂಸೆಕ್ ಒಳಹರಿವು ಇಡೀ ದಿನ ನಿಂತರೆ ಒಂದು ಟಿಎಂಸಿ. ಸಂಖ್ಯೆ ತಾಳೆಯಾದರೆ ವಾಕ್ಯ ಸರಿಯಾಗಿ ಓದಿದ್ದೀರಿ ಎಂದೇ ಲೆಕ್ಕ.

ಬರವಣಿಗೆಗೆ ಇದ್ದದ್ದು ಒಂದೇ ಅಭ್ಯಾಸ, ಆದರೆ ಅದರಷ್ಟು ಫಲ ಕೊಟ್ಟದ್ದು ಬೇರೊಂದಿಲ್ಲ. ಆರೇಳು ವಾಕ್ಯದ ಒಂದು ಪ್ಯಾರಾವನ್ನು ಕನ್ನಡಕ್ಕೆ ತಂದು ಹಾಳೆ ಮುಚ್ಚಿಡಬೇಕು. ಎರಡು ಮೂರು ದಿನ ಬಿಟ್ಟು ಕನ್ನಡ ಮಾತ್ರ ನೋಡಿ ಮತ್ತೆ ಇಂಗ್ಲಿಷಿಗೆ ತರಬೇಕು. ಆಮೇಲೆ ಮೂಲದ ಪಕ್ಕ ಇಟ್ಟು ವ್ಯತ್ಯಾಸಕ್ಕೆ ಕೆಂಪು ಶಾಯಿ. ಅದೇ ದಿನ ಮಾಡಿದರೆ ನೆನಪೇ ಬರೆದುಬಿಡುತ್ತದೆ, ಎರಡು ವಾರ ಬಿಟ್ಟರೆ ಎಲ್ಲ ಮರೆತು ಹಾಳೆ ತುಂಬ ಕೆಂಪಾಗುತ್ತದೆ. ಕೆಂಪು ಹೆಚ್ಚಾಗಿ ಬೀಳುವುದು ‘ಎ’, ‘ದ’ಗಳ ಮೇಲೆ, ಯಾಕೆಂದರೆ ಕನ್ನಡದಲ್ಲಿ ಅವಿಲ್ಲ. ಮೊದಲ ಸಲ ಹೆಸರಿಸಿದ್ದಕ್ಕೆ ‘ಎ’, ಮತ್ತೆ ಅದೇ ಬಂದರೆ ‘ದ’ ಎಂಬ ಒಂದು ಸೂತ್ರ ಇಟ್ಟುಕೊಂಡರೆ ಎಷ್ಟೋ ಕಡೆ ನಡೆಯುತ್ತದೆ. ಉಳಿದದ್ದು ಓದುತ್ತಾ ಓದುತ್ತಾ ಬರಬೇಕು.

ಉಚ್ಚಾರಣೆ ಓದಿನಿಂದ ಬರುವುದಿಲ್ಲ. ಆಕಾಶವಾಣಿಯ ರಾತ್ರಿ 9ರ ಇಂಗ್ಲಿಷ್ ವಾರ್ತೆ ಕೇಳಿ ಎಂದು ಪೀರಿಯಡ್ಡಿನ ಮೇಷ್ಟ್ರು ಹೇಳುತ್ತಿದ್ದರು, ಕೇಳಿದವರು ಕಡಿಮೆ.

ಎರಡನೇ ವರ್ಷದ ಕೊನೆಗೆ ಮೆಕ್ಕೆಜೋಳದವರ ಮನೆಯಲ್ಲೆಲ್ಲ ಸಿಗುವ ಕೀಟನಾಶಕದ ಚೀಟಿ. ಸಣ್ಣ ಅಕ್ಷರ, ಮಡಿಕೆ ಮೇಲೆ ಮಡಿಕೆ, ಇದ್ದದ್ದರಲ್ಲಿ ಅತಿ ಕಷ್ಟದ ಹಾಳೆ ಇದೇ. ಡಬ್ಬಿಯ ಮೇಲಿನ ಬಣ್ಣ ಓದಲು ಭಾಷೆ ಬೇಡ: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಚೀಟಿಯೊಳಗಿನ ಪಟ್ಟಿಗೆ ಮಾತ್ರ ಭಾಷೆ ಬೇಕು. ಒಂದು ಕಾಲಂನಲ್ಲಿ ‘ಎ.ಐ.’ ಎಂದು ಗ್ರಾಂ ಕೊಟ್ಟಿರುತ್ತಾರೆ, ಅದು ಒಳಗಿನ ಸಕ್ರಿಯ ವಿಷದ ತೂಕ. ಪಕ್ಕದ ‘ಫಾರ್ಮುಲೇಷನ್’ ಕಾಲಂನದೇ ನಾವು ಅಳೆದು ಹಾಕಬೇಕಾದದ್ದು. ಅದರಾಚೆ ‘ಡೈಲ್ಯೂಷನ್’, ಬೆರೆಸುವ ನೀರು ಲೀಟರಿನಲ್ಲಿ. ಕೊನೆಯ ‘ವೇಟಿಂಗ್ ಪೀರಿಯಡ್’ ಎಂದರೆ ಕಡೆಯ ಸಿಂಪರಣೆಯಿಂದ ಕಟಾವಿನವರೆಗೆ ಬಿಡಬೇಕಾದ ದಿನಗಳು. ಪಟ್ಟಿಯ ತಲೆಯ ಮೇಲೆ ‘ಪರ್ ಹೆಕ್ಟೇರ್’ ಎಂದು ಚಿಕ್ಕದಾಗಿ ಇರುತ್ತದೆ. ನಮ್ಮಲ್ಲಿ ಎಲ್ಲರೂ ಲೆಕ್ಕ ಹಾಕುವುದು ಎಕರೆಯಲ್ಲಿ, ಹೆಕ್ಟೇರ್ ಎಂದರೆ 2.47 ಎಕರೆ. ಆ ಎರಡು ಪದ ಬಿಟ್ಟು ಓದಿದರೆ ಒಂದು ಎಕರೆಗೆ ಬೀಳುವ ಔಷಧಿ ಹತ್ತಿರ ಹತ್ತಿರ ಎರಡೂವರೆ ಪಟ್ಟು.