ನಾಕನೇ ಸಲಾ ಹೇಳಿ ನೋಡ್ರಿ

ಮಂಗಳವಾರ ಮಧ್ಯಾಹ್ನದಿಂದ ಈ ಒಂದು ಸಾಲು ತಲೆಯಿಂದ ಇಳಿದಿಲ್ಲ: "ನಾಕನೇ ಸಲಾ ಹೇಳಿ ನೋಡ್ರಿ ಮೇಡಮ್, ತಿಳಿದ್ರೂ ತಿಳೀಬಹುದು."

ಪುಣೆಯ ಕ್ಲೈಂಟ್. ರೇಟ್ ಶೀಟ್ ಬಗ್ಗೆ ಅದೇ ಪ್ರಶ್ನೆ, ಮೂರನೇ ಸಲ. ಪಕ್ಕದ ಸೀಟಿನ ಗೆಳತಿಗೆ ಫಾರ್ವರ್ಡ್ ಮಾಡೋಣ ಅಂತ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಕುಟ್ಟಿದೆ: "ಈ ಪುಣ್ಯಾತ್ಮನಿಗೆ ಮೂರು ಸಲ ಹೇಳಿದ್ರೂ ತಲೆಗೆ ಹೋಗಲ್ಲ ಕಣೇ." ಒತ್ತಿದ್ದು ಮಾತ್ರ ರಿಪ್ಲೈ ಆಲ್.

ಒಂದು ಕ್ಷಣ ಧೈರ್ಯ ತಂದುಕೊಂಡೆ. ಇರೋದು ಪುಣೆ, ಹೆಸರು ಕುಲಕರ್ಣಿ, ಮರಾಠಿಯವರು. ಕನ್ನಡ ಎಲ್ಲಿ ಬರುತ್ತೆ? ಧಾರವಾಡದ ಕಡೆ ಓಣಿಗೊಬ್ಬರು ಕುಲಕರ್ಣಿ ಸಿಗುತ್ತಾರೆ ಅನ್ನೋದು ಬೆಂಗಳೂರಲ್ಲೇ ಬೆಳೆದ ನನಗೆ ಹೊಳೆಯಲೇ ಇಲ್ಲ.

ಗೆಳತಿ "ರೀಕಾಲ್ ಮಾಡೇ, ರೀಕಾಲ್" ಅಂತ ಕುರ್ಚಿ ಎಳೆದುಕೊಂಡು ಬಂದಳು. ಬೇರೆಯವರ ಅವಾಂತರ ಅಂದ್ರೆ ಅವಳಿಗೆ ನಾಲ್ಕು ಗಂಟೆಯ ಕಾಫಿ ಇದ್ದ ಹಾಗೆ. ಔಟ್‌ಲುಕ್‌ನಲ್ಲಿ ಹುಡುಕಿ ರೀಕಾಲ್ ಕೊಟ್ಟೆ. ಸ್ವಲ್ಪ ಹೊತ್ತಿಗೆ ರಿಪೋರ್ಟ್ ಬಂತು. ನಮ್ಮ ಆಫೀಸಿನ ಇಬ್ಬರ ಇನ್‌ಬಾಕ್ಸ್‌ನಿಂದ ಮೇಲ್ ಮಾಯ. ಕುಲಕರ್ಣಿಯವರದ್ದು ಫೇಲ್. ರೀಕಾಲ್ ನಡೆಯೋದು ಒಂದೇ ಸಂಸ್ಥೆಯ ಒಳಗೆ ಮಾತ್ರವಂತೆ. ಅಂದ್ರೆ ಓದಿ ನಕ್ಕು ಸುಮ್ಮನಾಗುತ್ತಿದ್ದವರ ಹತ್ತಿರ ಅಳಿಸಿತು. ಯಾರ ಕಣ್ಣಿಗೆ ಬೀಳಬಾರದೋ ಅವರ ಹತ್ತಿರ ಭದ್ರವಾಗಿ ಉಳಿಯಿತು.

ಆಮೇಲೆ ಬಂತು ಆ ಸಾಲು. ಮೇಲೆ ಸಂಬೋಧನೆ ಇಲ್ಲ, ಕೆಳಗೆ ರಿಗಾರ್ಡ್ಸ್ ಇಲ್ಲ. ನಾನು ಬರೆದ ಹಾಗೇ ಇಂಗ್ಲಿಷ್ ಅಕ್ಷರದಲ್ಲಿ ಅಲ್ಲ, ಅಚ್ಚುಕಟ್ಟಾದ ಕನ್ನಡ ಲಿಪಿಯಲ್ಲಿ! ಅದೇ ಜಾಸ್ತಿ ಚುಚ್ಚಿತು. ಬೈದಿದ್ದರೆ ಕ್ಷಮೆ ಕೇಳಿ ಮುಗಿಸಬಹುದಿತ್ತು. ಇದಕ್ಕೆ ಏನಂತ ಉತ್ತರ ಬರೆಯೋದು?

ರಾತ್ರಿ ಮನೆಯಲ್ಲಿ ಕೂತು ಜಿಮೇಲ್ ಸೆಟ್ಟಿಂಗ್ಸ್ ಕೆದಕಿದೆ. 'ಅನ್‌ಡು ಸೆಂಡ್' ಅಲ್ಲಿ 2009ರಲ್ಲೇ ಪ್ರಯೋಗಕ್ಕೆ ಬಂದು 2015ರಲ್ಲಿ ಕಾಯಂ ಆದ ಸೌಲಭ್ಯ. ಹೆಸರು ನೋಡಿ ಹೋದದ್ದನ್ನು ವಾಪಸ್ ತರುತ್ತೆ ಅಂದುಕೊಂಡಿದ್ದೆ. ಹಾಗೇನಿಲ್ಲ, ಮೇಲ್ ಹೊರಟೇ ಇರುವುದಿಲ್ಲ. ತಾನಾಗಿ 5 ಸೆಕೆಂಡ್ ಹಿಡಿದಿಟ್ಟುಕೊಳ್ಳುತ್ತೆ, ನಾವು ಬೇಕೆಂದರೆ 30ರವರೆಗೆ. ನನಗೆ ನಾಚಿಕೆಯಾಗೋಕೆ 30 ಸಾಲದು. ಆಫೀಸಿನ ಔಟ್‌ಲುಕ್‌ನಲ್ಲಿ ರೂಲ್ ಹಾಕಿ ಎಲ್ಲ ಮೇಲನ್ನೂ 2 ನಿಮಿಷ ಔಟ್‌ಬಾಕ್ಸ್‌ನಲ್ಲಿ ಕೂರಿಸಿದ್ದೇನೆ. ಅಲ್ಲಿ 120 ನಿಮಿಷದವರೆಗೂ ಅವಕಾಶವಿದೆ. ವಿಳಾಸ ತುಂಬಿಸೋದೂ ಈಗ ಕೊನೆಗೇ. ಮ್ಯಾನೇಜರ್ ಬಂದು ತಲೆಯ ಮೇಲೆ ನಿಂತು "ಕಳಿಸಿದ್ರಾ? ಬಂದಿಲ್ವಲ್ಲ" ಅಂದರೆ "ದಾರೀಲಿದೆ ಸರ್" ಅನ್ನುತ್ತೇನೆ. ಅವರಿಗೆ ಕಾಯೋ ಅಭ್ಯಾಸವೇ ಇಲ್ಲ. ಲಿಫ್ಟ್ ಬಟನ್ನನ್ನೇ ಐದು ಸಲ ಒತ್ತುವ ಮನುಷ್ಯ.

ಅಪ್ಪ ಒಮ್ಮೆ ಚಿಕ್ಕಪ್ಪನಿಗೆ ಆಸ್ತಿ ವಿಷಯಕ್ಕೆ ಕೋಪದಲ್ಲಿ ಕಾಗದ ಬರೆದು ಪೋಸ್ಟ್ ಡಬ್ಬಕ್ಕೆ ಹಾಕಿದ್ದರು. ಮನೆಗೆ ಬಂದವರು ಚಪ್ಪಲಿ ಕೂಡ ಬಿಡದೆ ವಾಪಸ್ ಹೋದರು. ಡಬ್ಬ ತೆಗೆಯೋವರೆಗೂ ಪಕ್ಕದಲ್ಲೇ ನಿಂತಿದ್ದರಂತೆ. ಪೋಸ್ಟ್‌ಮ್ಯಾನ್ ಕೊಡಲಿಲ್ಲ. ಕಾಗದ ತಲುಪೋ ಮೊದಲೇ ಅಪ್ಪ ಬಸ್ ಹತ್ತಿ ಚಿಕ್ಕಪ್ಪನ ಊರು ಸೇರಿದರು. ಆ ಕಾಗದವನ್ನು ಇಬ್ಬರೂ ಒಟ್ಟಿಗೆ ಕೂತು ಓದಿದರಂತೆ. ನನಗೆ ಪುಣೆಯ ಬಸ್ ಹತ್ತೋ ಧೈರ್ಯ ಇರಲಿಲ್ಲ, ಬುಧವಾರ ಬೆಳಿಗ್ಗೆ ಫೋನ್ ಮಾಡಿದೆ.

"ಸಾರಿ ಸರ್" ಅನ್ನೋಷ್ಟರಲ್ಲಿ ಅವರು "ಇರ್ಲಿ ಬಿಡ್ರಿ, ಶೀಟ್ ತಗೀರಿ" ಅಂದರು. ನಾಲ್ಕನೇ ಸಲ ವಿವರಿಸೋಕೆ ಹೊರಟೆ. ಎರಡನೇ ಸಾಲಿಗೇ ಗಂಟಲು ಕಟ್ಟಿತು. ಮೂರು ಸಲವೂ ನಾನು ಅಟ್ಯಾಚ್ ಮಾಡಿದ್ದು ಹೋದ ವರ್ಷದ ಶೀಟು. ಅವರು ಕೇಳುತ್ತಿದ್ದದ್ದೂ ಅದರ ಬಗ್ಗೆಯೇ.

ಸರಿಯಾದ ಶೀಟ್ ಕಳಿಸಿದೆ. 2 ನಿಮಿಷ ಔಟ್‌ಬಾಕ್ಸ್ ನೋಡುತ್ತಾ ಕೂತಿದ್ದೆ. ಸಂಜೆ ಉತ್ತರ ಬಂತು, ಎಲ್ಲರಿಗೂ ಸಿಸಿ ಹಾಕಿ, ಒಂದೇ ಪದ: "ತಿಳೀತ್ರಿ."