ಕಾಲುಂಗುರಕ್ಕೆ ಸೋತ ಕಾಲುಚೀಲ

ಮೈಸೂರಲ್ಲಿ ಉಣ್ಣೆ ಕಾಲುಚೀಲ ಯಾಕೆ ಅಂತ ಕೇಳುವವರಿಗೆ ನನ್ನದು ಒಂದೇ ಉತ್ತರ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಐದೂವರೆಗೆ ಎದ್ದು, ನಮ್ಮನೆ ರೆಡ್ ಆಕ್ಸೈಡ್ ನೆಲದ ಮೇಲೆ ಬರಿಗಾಲಲ್ಲಿ ಅಡುಗೆಮನೆವರೆಗೆ ನಡೆದು ಬನ್ನಿ, ಆಮೇಲೆ ಮಾತಾಡೋಣ.

ಮೂರು ವರ್ಷದಲ್ಲಿ ಹನ್ನೆರಡು ಜೊತೆ ಹೆಣೆದಿದ್ದೇನೆ. ಯಾವುದೂ ಶೋಕಿಗಲ್ಲ. ಮನೆಯಲ್ಲಿ ಹಾಕಿಕೊಂಡು ಓಡಾಡುವುದು, ಅದನ್ನೇ ಶೂ ಒಳಗೆ ಹಾಕಿಕೊಂಡು ಕುಕ್ಕರಹಳ್ಳಿ ಕೆರೆ ಸುತ್ತುವುದು. ಹಾಗಾಗಿ ನನಗೆ ಡಿಸೈನ್‌ಗಿಂತ ಬಾಳಿಕೆ ಮುಖ್ಯ.

ದಾರದ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಅಂಗಡಿಯಲ್ಲಿ 'ವುಲನ್' ಅಂದರೆ ಬಹಳ ಸಲ ಕೊಡುವುದು ಅಕ್ರಿಲಿಕ್. ಅದನ್ನು ಹಾಕಿಕೊಂಡರೆ ಒಂಬತ್ತು ಗಂಟೆಗೆಲ್ಲ ಕಾಲು ಬೆವರಿ ಅಂಟಂಟು. ಸರಿ, ಹತ್ತಿ ದಾರ ತಂದೆ. ಹತ್ತಿಗೆ ಉಣ್ಣೆಯ ಹಾಗೆ ಹಿಗ್ಗಿ ಮತ್ತೆ ಕುಗ್ಗುವ ಗುಣ ಇಲ್ಲ ಅಲ್ವಾ, ಮಧ್ಯಾಹ್ನದ ಹೊತ್ತಿಗೆ ಕಾಲುಚೀಲ ಜೋತು ಬಿದ್ದು ಹಿಮ್ಮಡಿ ಕೆಳಗೆ ಮುದ್ದೆಯಾಗಿತ್ತು. ಈಗ ತರಿಸುವುದು ಮುಕ್ಕಾಲು ಪಾಲು ಉಣ್ಣೆ, ಕಾಲು ಪಾಲು ನೈಲಾನ್ ಇರುವ ದಾರ. 100 ಗ್ರಾಂ ಉಂಡೆಯಲ್ಲಿ ಸುಮಾರು 400 ಮೀಟರ್ ಇರುತ್ತದೆ, ನನ್ನ ಕಾಲಿಗೆ ಒಂದು ಜೊತೆ ಆಗಿ ಮಿಗುತ್ತದೆ. ರೇಟು ಮಾತ್ರ ಕೇಳಬೇಡಿ. "ಪಕ್ಕದಲ್ಲೇ ಬನ್ನೂರು ಕುರಿ ಇಟ್ಕೊಂಡು ಎಲ್ಲಿಂದಲೋ ಉಣ್ಣೆ ತರಿಸ್ತೀಯಲ್ಲಮ್ಮಾ" ಅಂತ ಮಾವ ಪ್ರತಿ ಸಲ ಹೇಳುತ್ತಾರೆ. ಬನ್ನೂರು ಕುರಿಯ ಹೆಸರು ಮಾಂಸಕ್ಕೆ, ಉಣ್ಣೆಗಲ್ಲ, ಅದರ ಮೈಮೇಲಿರುವುದು ಒರಟು ಕೂದಲು ಅಂತ ಅವರಿಗೂ ಗೊತ್ತು. ಸುಮ್ನೆ ಕೆಣಕುವುದು.

ಒಳ್ಳೆ ದಾರ ಬಂದರೂ ಹಿಮ್ಮಡಿ ತೂತು ಬೀಳುವುದು ನಿಲ್ಲಲಿಲ್ಲ. ಹಿಮ್ಮಡಿ ಹೆಣೆಯುವಾಗ ಜೊತೆಗೆ ಇನ್ನೊಂದು ಗಟ್ಟಿ ಎಳೆ ಸೇರಿಸಿದರೆ ಬಾಳಿಕೆ ಬರುತ್ತದೆ ಅಂತ ಕೇಳಿದ್ದೆ. ಮನೆಯಲ್ಲಿ ಸೀರೆಗೆ ಕುಚ್ಚು ಹಾಕಲು ತಂದ ರೇಷ್ಮೆ ದಾರ ಇತ್ತು. ರೇಷ್ಮೆಗಿಂತ ಗಟ್ಟಿ ಇನ್ನೇನು ಬೇಕು ಅಂತ ಅದನ್ನೇ ಸೇರಿಸಿದೆ. ನೋಡಲು ಏನು ಚೆಂದ, ಕಂದು ಉಣ್ಣೆಯ ನಡುವೆ ಮಾವಿನ ಚಿಗುರಿನ ಬಣ್ಣ ಮಿಂಚುತ್ತಿತ್ತು. ನಾಲ್ಕು ಸಲ ಒಗೆದ ಮೇಲೆ ನೋಡಿದರೆ ಉಣ್ಣೆ ಇದ್ದ ಹಾಗೇ ಇದೆ, 'ರೇಷ್ಮೆ' ತುಂಡು ತುಂಡಾಗಿ ಮೇಲೆದ್ದಿದೆ! ಅನುಮಾನ ಬಂದು ಒಂದು ಎಳೆಗೆ ಬೆಂಕಿ ಕಡ್ಡಿ ತೋರಿಸಿದೆ. ಭಗ್ಗನೆ ಹೊತ್ತಿಕೊಂಡು ಕಾಗದ ಸುಟ್ಟ ವಾಸನೆ ಬಂತು. ಅತ್ತೆ ಒಳಗಿಂದ ತಮ್ಮ ಹಳೇ ಮೈಸೂರು ಸಿಲ್ಕ್ ಸೀರೆ ತಂದು, ಒಳ ಅಂಚಿನಿಂದ ಒಂದು ಎಳೆ ಬಿಡಿಸಿ ಕೊಟ್ಟರು. ಅದು ನಿಧಾನಕ್ಕೆ ಸುರುಟಿಕೊಂಡು ಉರಿಯಿತು, ಕೂದಲು ಸುಟ್ಟ ವಾಸನೆ. "ನಿಂದು ರೇಯಾನ್ ಕಣೇ" ಅಂದರು. ರೇಯಾನ್ ಅಂದರೆ ಮರದ ತಿರುಳಿನಿಂದ ಮಾಡುವ ಕೃತಕ ರೇಷ್ಮೆ, ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ. ಬೆವರುವ ಕಾಲಿಗೆ, ದಿನಾ ಒಗೆಯುವ ಬಟ್ಟೆಗೆ ಹೇಳಿ ಮಾಡಿಸಿದ ತಪ್ಪು ದಾರ.

ಆಮೇಲೆ ಗೊತ್ತಾಗಿದ್ದು, ನನ್ನ ಸಮಸ್ಯೆ ದಾರದ್ದೇ ಅಲ್ಲ. ಕಾಲುಚೀಲ ಸಡಿಲ ಇತ್ತು, ಶೂ ಒಳಗೆ ಜಾರಿ ಜಾರಿ ಉಜ್ಜಿಕೊಂಡೇ ಸವೆಯುತ್ತಿತ್ತು. ನನ್ನ ಪಾದದ ಸುತ್ತಳತೆ 22 ಸೆಂಟಿಮೀಟರ್. 2.75 ಮಿಲಿಮೀಟರ್ ಕಡ್ಡಿಯಲ್ಲಿ ನನ್ನ ಕೈಗೆ 10 ಸೆಂಟಿಮೀಟರಿಗೆ 28 ಕುಣಿಕೆ ಬರುತ್ತಿತ್ತು, ಅಂದರೆ ಸುತ್ತಿಗೆ 64 ಕುಣಿಕೆ ಇರುವ ನನ್ನ ಕಾಲುಚೀಲದ ಸುತ್ತಳತೆ ಸುಮಾರು 23 ಸೆಂಟಿಮೀಟರ್, ಪಾದಕ್ಕಿಂತಲೂ ದೊಡ್ಡದು! ಪಾದಕ್ಕಿಂತ ಹತ್ತನೇ ಒಂದು ಭಾಗದಷ್ಟು ಚಿಕ್ಕದಿದ್ದರೆ ಹಿಗ್ಗಿ ಅಪ್ಪಿಕೊಂಡು ಕೂರುತ್ತದೆ. ಈಗ 2.25ರ ಕಡ್ಡಿಯಲ್ಲಿ ಅದೇ 64 ಕುಣಿಕೆ, 10 ಸೆಂಟಿಮೀಟರಿಗೆ 32, ಒಟ್ಟು 20 ಸೆಂಟಿಮೀಟರ್. ಬೆರಳು ನೋಯುತ್ತದೆ, ಕೆಲಸ ನಿಧಾನ, ಆದರೆ ಬಟ್ಟೆ ಒತ್ತಾಗಿ ಬರುತ್ತದೆ. ಹಿಮ್ಮಡಿಯ 32 ಕುಣಿಕೆಗೆ ಒಂದನ್ನು ಹೆಣೆಯದೆ ಹಾಗೇ ಎತ್ತಿಕೊಂಡು, ಇನ್ನೊಂದನ್ನು ಹೆಣೆಯುತ್ತೇನೆ. ವಾಪಸ್ ಬರುವಾಗ ಪೂರ್ತಿ ಪರ್ಲ್, ಅಂದರೆ ಉಲ್ಟಾ ಹೆಣಿಗೆ. ಎತ್ತಿದ ಕುಣಿಕೆಯ ಹಿಂದೆ ದಾರ ಅಡ್ಡ ಹಾಯುವುದರಿಂದ ಅಲ್ಲಿ ಎರಡು ಪದರ ಇದ್ದ ಹಾಗೆ ಆಗುತ್ತದೆ. ಹೀಗೆ ಮಾಡಿದ ಮೇಲೆ ಹಿಮ್ಮಡಿಯಲ್ಲಿ ತೂತು ಬಿದ್ದಿಲ್ಲ.

ಬಿದ್ದಿದ್ದು ಬೆರಳಲ್ಲಿ. ಎರಡನೇ ಬೆರಳ ಮೇಲೆ, ಎರಡೂ ಕಾಲಲ್ಲಿ, ಒಂದೇ ಜಾಗದಲ್ಲಿ. ನಾನೊಬ್ಬಳು ಪೆದ್ದಿ, ವಾರಗಟ್ಟಲೆ ಉಗುರನ್ನು ಬೈದುಕೊಂಡು ಕತ್ತರಿಸಿದ್ದೇ ಕತ್ತರಿಸಿದ್ದು. ಒಂದು ದಿನ ತೂತಿನಿಂದ ಕಾಲುಂಗುರ ಇಣುಕಿತು.

ನಾನು ನೋಡಿದ ಪ್ಯಾಟರ್ನ್‌ಗಳಲ್ಲಿ ಹಿಮ್ಮಡಿಗೆ ಪುಟಗಟ್ಟಲೆ ಇದೆ. ಕಾಲುಂಗುರದ ಸುದ್ದಿಯೇ ಇಲ್ಲ. ಇರುವುದಾದರೂ ಹೇಗೆ, ಬರೆದವರ ಕಾಲಲ್ಲಿ ಉಂಗುರ ಇರಬೇಕಲ್ಲ! ತೆಗೆದಿಡೋಣ ಅಂದರೆ ಅತ್ತೆ ಬಿಡುವುದಿಲ್ಲ, ನಿಜ ಹೇಳಬೇಕೆಂದರೆ ನನಗೂ ಮನಸ್ಸಿಲ್ಲ. ಹಾಗಾಗಿ ಹನ್ನೆರಡನೇ ಜೊತೆಯಲ್ಲಿ ಒಂದು ಪರೀಕ್ಷೆ. ಎಡಗಾಲಿನದು ಎಂದಿನಂತೆ. ಬಲಗಾಲಿನದಕ್ಕೆ ಬೆರಳ ಮೇಲ್ಭಾಗದಲ್ಲಿ ಹಿಮ್ಮಡಿಯ ಉಪಾಯವನ್ನೇ ಹಾಕಿದೆ, ಆದರೆ ಎತ್ತುವ ಕುಣಿಕೆಯನ್ನು ಸುತ್ತು ಬಿಟ್ಟು ಸುತ್ತು ಒಂದು ಕುಣಿಕೆಯಷ್ಟು ಪಕ್ಕಕ್ಕೆ ಸರಿಸುತ್ತಾ. ಸಣ್ಣ ಸಣ್ಣ ಚುಕ್ಕೆ ಬರುತ್ತವೆ, ಇಂಗ್ಲಿಷಿನವರು ಇದಕ್ಕೆ ಕೌಜುಗದ ಕಣ್ಣು ಅನ್ನುತ್ತಾರೆ. ಒಳಗೆ ಹಾಯುವ ದಾರಕ್ಕೆ ಉಂಗುರ ಸಿಕ್ಕಿಕೊಂಡರೆ ಅಂತ ಭಯ ಇತ್ತು, ಒಂದೊಂದೇ ಕುಣಿಕೆ ಎತ್ತುವುದರಿಂದ ದಾರ ಗಿಡ್ಡವಾಗಿ ನಿಂತು ಸಿಕ್ಕಿಕೊಳ್ಳಲಿಲ್ಲ. ತುದಿಯನ್ನೂ ಬೇಗ ಚೂಪು ಮಾಡಲಿಲ್ಲ, ಮೊದಲ ನಾಲ್ಕು ಸಲ ಮೂರು ಸುತ್ತಿಗೊಮ್ಮೆ ಮಾತ್ರ ಕುಣಿಕೆ ಕಡಿಮೆ ಮಾಡಿದೆ, ಬೆರಳಿಗೆ ಜಾಗ ಸಿಗಲಿ ಅಂತ. ಯಾವುದು ಯಾವ ಕಾಲಿಂದು ಅಂತ ಮರೆಯದ ಹಾಗೆ ಬಲಗಾಲಿನದಕ್ಕೆ ಕೆಂಪು ದಾರದ ಗಂಟು.

ಆರು ವಾರ ಆಯಿತು. ಎಡಗಡೆಯದನ್ನು ಬೆಳಕಿಗೆ ಹಿಡಿದರೆ ಉಂಗುರದ ಜಾಗ ಜರಡಿ. ಬಲಗಡೆಯದು ಸ್ವಲ್ಪ ಜುಂಗು ಎದ್ದಿದೆ, ಅಷ್ಟೇ.

ಇದನ್ನೆಲ್ಲ ನೋಡಿ ಅತ್ತೆಯದೂ ಒಂದು ಬೇಡಿಕೆ ಬಂದಿದೆ. ದೇವಸ್ಥಾನಕ್ಕೆ ಹೋಗುವಾಗ ಅವರು ಹಾಕುವುದು ಉಂಗುಷ್ಟದ ಚಪ್ಪಲಿ. "ಹೆಬ್ಬೆರಳು ಬೇರೆ ಮಾಡಿ ಹೆಣಿ, ಸ್ಕೂಟರ್ ಹುಡ್ಗೀರು ಹಾಕ್ತಾರಲ್ಲ, ಹಂಗೆ." ನಿನ್ನೆ ರಾತ್ರಿವರೆಗೆ ಎರಡು ಸಲ ಬಿಚ್ಚಿದ್ದೇನೆ. ಹೆಬ್ಬೆರಳೂ ಪಕ್ಕದ ಬೆರಳೂ ಕವಲೊಡೆಯುವ ಜಾಗದಲ್ಲಿ, ಸರಿಯಾಗಿ ಚಪ್ಪಲಿಯ ಪಟ್ಟಿ ಕೂರುವಲ್ಲೇ, ಕಡಲೆಕಾಳಿನಷ್ಟು ಸಂದು ಉಳಿದುಬಿಡುತ್ತಿದೆ.