ಪಿಕಪ್ಪಿಗೆ ನೊಗ ಕಟ್ಟಿದ ದಿನ

ನಾವಿರುವುದು ಅಮೆರಿಕದ ಬಫಲೋ ನಗರದ ದಕ್ಷಿಣಕ್ಕೆ, ಆರ್ಚರ್ಡ್ ಪಾರ್ಕಿನಲ್ಲಿ. ಚಳಿಗಾಲದ ಮೊದಲಿಗೆ, ಈರಿ ಸರೋವರದ ನೀರು ಇನ್ನೂ ಪೂರ್ತಿ ತಣ್ಣಗಾಗದಿರುವಾಗ, ಅದರ ಮೇಲೆ ಹಾದು ಬರುವ ಶೀತಗಾಳಿ ಹೀರಿಕೊಂಡ ತೇವವನ್ನೆಲ್ಲ ನಮ್ಮ ಕಡೆಗೆ ತಂದು ಹಿಮವಾಗಿ ಸುರಿಯುತ್ತದೆ. 2022ರ ನವೆಂಬರಿನಲ್ಲಿ ನಾಲ್ಕೇ ದಿನಗಳಲ್ಲಿ ಇಲ್ಲಿ ಬಿದ್ದದ್ದು 80 ಇಂಚಿನಷ್ಟು. ಸಲಿಕೆಯಿಂದ ಎತ್ತಿ ಎತ್ತಿ ಸೊಂಟ ಬಿದ್ದುಹೋದ ಮೇಲೆ, ನಮ್ಮ ಹಳೆಯ ಫೋರ್ಡ್ ಎಫ್-250 ಪಿಕಪ್ಪಿಗೆ ಮುಂದೆ ಕಟ್ಟಿ ಹಿಮ ತಳ್ಳುವ, ಏಳೂವರೆ ಅಡಿಯ ಸೆಕೆಂಡ್ ಹ್ಯಾಂಡ್ ಪ್ಲೋ ಒಂದನ್ನು ಕೊಂಡೆ. ಅಷ್ಟು ಹಿಮವನ್ನು ಯಾವ ಪ್ಲೋ ಕೂಡ ಒಂದೇ ಸಲಕ್ಕೆ ತಳ್ಳಲಾರದು, ಬೀಳುತ್ತಿರುವಾಗಲೇ ಮತ್ತೆ ಮತ್ತೆ ತಳ್ಳುತ್ತಿರಬೇಕು ಎಂಬುದು ಆಮೇಲೆ ತಿಳಿದ ಮಾತು.

ಮುಂದೆ ಕಾಣುವ ಉಕ್ಕಿನ ಹಲಗೆಯನ್ನು ಹಾಕುವುದೂ ತೆಗೆಯುವುದೂ ಸುಲಭ. ಕೆಲಸವಿರುವುದು ಮೌಂಟಿನಲ್ಲಿ. ಬಂಪರಿನ ಹಿಂದೆ ಚಾಸಿಯ, ಅಂದರೆ ಟ್ರಕ್ಕಿನ ಉಕ್ಕಿನ ಚೌಕಟ್ಟಿನ, ಎರಡು ತೊಲೆಗಳಿಗೆ ಬಿಗಿದು, ಬೇಸಿಗೆಯಲ್ಲೂ ಕಳಚದೆ ಬಿಡುವ ನೊಗ ಅದು. ಹಲಗೆಯ ಮೇಲೆ ಬೀಳುವ ಒತ್ತಡವೆಲ್ಲ ಅದರ ಮೂಲಕವೇ ಚಾಸಿಗೆ ಹೋಗಬೇಕು.

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಟ್ರಕ್ಕಿನ ಕೆಳಗೆ ಮಲಗಿದೆ. ಮೊದಲು ಎಳೆಯುವ ಕೊಕ್ಕೆಗಳನ್ನು ಬಿಚ್ಚಬೇಕಿತ್ತು. ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುವ ಊರಿನಲ್ಲಿ ಬೋಲ್ಟುಗಳು ಬೋಲ್ಟುಗಳಾಗಿ ಉಳಿಯುವುದಿಲ್ಲ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದರೂ ಡ್ರೈವರ್ ಕಡೆಯ ಕೊನೆಯ ಬೋಲ್ಟು ಜಗ್ಗಲಿಲ್ಲ. ಗ್ಯಾಸ್ ಟಾರ್ಚಿನಿಂದ ಕಾಯಿಸಿ, ಸ್ಪ್ಯಾನರಿನ ಹಿಡಿಗೆ ಮೂರಡಿಯ ಪೈಪು ತೂರಿಸಿ ಜೋತುಬಿದ್ದಾಗ ಅದು ಕಿರ್ರೆಂದು ಕೂಗಿ, ಕನ್ನಡಕದ ಮೇಲೆಲ್ಲ ತುಕ್ಕಿನ ಹೊಟ್ಟು ಉದುರಿಸಿ, ಕೊನೆಗೂ ತಿರುಗಿತು. ಅದೊಂದಕ್ಕೇ ಒಂದೂಕಾಲು ಗಂಟೆ ಹೋಗಿತ್ತು.

ಆ ಸಿಟ್ಟಿನಲ್ಲೇ ತಪ್ಪು ಮಾಡಿದೆ. ಮೌಂಟಿನ ಎಡಗಡೆಯ ತಟ್ಟೆಯನ್ನು ಕೂರಿಸಿದವನೇ ಪೂರ್ತಿ ಬಿಗಿದುಬಿಟ್ಟೆ. ಬಲಗಡೆಯದನ್ನೂ ಹಾಗೆಯೇ ಬಿಗಿದು ಅಡ್ಡತೊಲೆಯನ್ನು ಎತ್ತಿ ಹಿಡಿದರೆ, ತೂತಿಗೆ ತೂತು ಅರ್ಧ ಬೋಲ್ಟಿನಷ್ಟು ಓರೆ. ಹಾರೆಯಿಂದ ಮೀಟಿದರೂ ಕೂರಲಿಲ್ಲ. ಊರಿನಲ್ಲಿ ಆಗ ರಾತ್ರಿ ಒಂಬತ್ತಾಗಿರಬೇಕು; ದಾವಣಗೆರೆ ಕಡೆಯ ಗದ್ದೆಗಳಲ್ಲಿ ನಲವತ್ತು ವರ್ಷ ಟ್ರ್ಯಾಕ್ಟರಿಗೆ ಕೆಸರಿನಲ್ಲಿ ಓಡುವ ಕಬ್ಬಿಣದ ಕೇಜ್ ವೀಲ್ ಕಟ್ಟಿದ ಅಪ್ಪ ಫೋನಿನಲ್ಲಿ ನೋಡಿ ನಕ್ಕರು: “ಎಲ್ಲಾ ಬೋಲ್ಟು ಕೂರಿಸೋಕೂ ಮುಂಚೆ ಒಂದನ್ನ ಯಾಕಲೇ ಬಿಗಿದೆ? ಮೊದಲು ಎಲ್ಲಾನೂ ಕೈಬಿಗಿ ಬಿಡು.” ಕೈಪಿಡಿಯ ಎರಡನೆಯ ಪುಟದಲ್ಲಿಯೂ ಅದೇ ಇತ್ತೆಂದು ನಾನು ಅವರಿಗೆ ಹೇಳಲಿಲ್ಲ.

ಎಲ್ಲವನ್ನೂ ಸಡಿಲಿಸಿದ ಮೇಲೆ ಅಡ್ಡತೊಲೆ ತಾನಾಗಿ ಕೂತಿತು. ತಲೆಯ ಮೇಲೆ ಆರು ಗೆರೆಗಳಿರುವ, ಗಟ್ಟಿಯಾದ ಗ್ರೇಡ್ 8 ಬೋಲ್ಟುಗಳನ್ನು ಒಮ್ಮೆ ಎಡಗಡೆಯದು, ಒಮ್ಮೆ ಬಲಗಡೆಯದು ಎಂಬಂತೆ, ಬಿಗಿತ ಅಳೆಯುವ ಟಾರ್ಕ್ ರಿಂಚ್ ಟಿಕ್ ಎನ್ನುವವರೆಗೆ ಬಿಗಿದು, ಸಡಿಲಾದರೆ ಗೊತ್ತಾಗಲೆಂದು ಪ್ರತಿಯೊಂದರ ಮೇಲೂ ತೊಲೆಗೆ ತಾಗುವಂತೆ ಹಳದಿ ಬಣ್ಣದ ಗೆರೆ ಎಳೆದೆ. ವೈರಿಂಗ್ ಭಾನುವಾರದ ಪಾಲಾಯಿತು. ಹಲಗೆ ಎತ್ತಿದಾಗ ಟ್ರಕ್ಕಿನ ದೀಪಕ್ಕೆ ಅಡ್ಡ ಬರುವುದರಿಂದ ಪ್ಲೋಗೆ ಬೇರೆ ದೀಪಗಳು ಬೇಕು, ಅವುಗಳ ವೈರು ಬೇಸರದ ಕೆಲಸ. ಸಂಜೆ ಹಲಗೆಯನ್ನು ಮೊದಲ ಸಲ ಎತ್ತಿದಾಗ ಟ್ರಕ್ಕಿನ ಮೂತಿ ಎರಡು ಇಂಚು ತಗ್ಗಿತು. ಹಿಂದಿನ ಆ್ಯಕ್ಸಲಿನಾಚೆ ಮರಳಿನ ಮೂಟೆಗಳನ್ನು ಹೇರಿದ ಮೇಲೆ ಅರ್ಧ ಇಂಚು ಮರಳಿ ಬಂತು.

ಮೊದಲ ಹಿಮ ತಳ್ಳಿದ ಮರುದಿನ ಮತ್ತೆ ಕೆಳಗೆ ಮಲಗಿ ಗೆರೆಗಳನ್ನು ನೋಡಿದೆ. ಒಂದನ್ನು ಬಿಟ್ಟು ಎಲ್ಲವೂ ಕೂಡಿಕೊಂಡಿದ್ದವು. ಡ್ರೈವರ್ ಕಡೆಯ ಆ ಒಂದು ಗೆರೆ ಮಾತ್ರ ಕಡಲೆಕಾಳಿನಷ್ಟು ಜರುಗಿತ್ತು. ರಿಂಚ್ ತರಲು ಎದ್ದೆ.